ಅಪಘಾತದಲ್ಲಿ ಗಾಯಗೊಂಡವರಿಗೆ ಕಾನೂನಿನ ದಾರಿ: ಕ್ಯಾಷುವಾಲ್ಟಿಯಿಂದ ಪರಿಹಾರದ ಹಣ ಕೈಸೇರುವವರೆಗೆ

ಕಾರು ಗುದ್ದಿ ಕಾಲು ಮುರಿದವರ ಪರಿಹಾರದ ಅರ್ಜಿ ಕೋರ್ಟಿನಲ್ಲಿ ಬಿದ್ದುಹೋದರೆ, ಅದರ ಬೇರು ಬಹಳ ಸಲ ಮೊದಲ ದಿನದ ಎರಡು ಕಾಗದಗಳಲ್ಲೇ ಇರುತ್ತದೆ. ಒಂದು, ಆಸ್ಪತ್ರೆಯವರು ಎಂಎಲ್‌ಸಿ ರಿಜಿಸ್ಟರಿನಲ್ಲಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯಗಳ ಪುಸ್ತಕದಲ್ಲಿ, ಬರೆದುಕೊಂಡ ಸಾಲು. ಇನ್ನೊಂದು, ಠಾಣೆಗೆ ಕೊಟ್ಟ ದೂರು. ಆ ಹೊತ್ತಿಗೆ ಮನೆಯವರ ಜೀವ ಬಾಯಿಗೆ ಬಂದಿರುತ್ತದೆ, ಕಾಗದದ ಕಡೆ ಯಾರ ಗಮನವೂ ಇರುವುದಿಲ್ಲ. ಅದಕ್ಕೇ ಈ ಬರಹದಲ್ಲಿ ಆ ಮೊದಲ ದಿನಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರ ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಾಗಲಿ, ಜಗಳೂರು, ಹೊಳಲ್ಕೆರೆ, ಚನ್ನಗಿರಿ ಕಡೆಯ ಒಳರಸ್ತೆಗಳಲ್ಲಾಗಲಿ, ಮಾಡಬೇಕಾದ ಕೆಲಸ ಒಂದೇ.

ಮೊದಲ ಒಂದು ಗಂಟೆ

112ಕ್ಕೆ ಕರೆ ಮಾಡಿದರೆ ಪೊಲೀಸರಿಗೆ ಸುದ್ದಿ ಮುಟ್ಟುತ್ತದೆ. ಆಂಬುಲೆನ್ಸ್‌ಗೆ 108. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೂ ಹೇಳಿ. 112ರ ಕರೆಗೆ ಇನ್ನೊಂದು ಬೆಲೆಯಿದೆ: ಅಪಘಾತ ಇಂಥ ಹೊತ್ತಿಗೇ ಆಯಿತು ಎನ್ನುವುದಕ್ಕೆ ಅದು ದಾಖಲೆ.

ಗಾಯಾಳುವನ್ನು ಎತ್ತಿಕೊಂಡು ಹೋಗುವವರು ಹೆದರಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಕೊಡಲೇಬೇಕೆಂದು ಪೊಲೀಸರೂ ಆಸ್ಪತ್ರೆಯವರೂ ಒತ್ತಾಯಿಸುವಂತಿಲ್ಲ. ಗಂಭೀರವಾಗಿ ಗಾಯಗೊಂಡವರನ್ನು ಮೊದಲ ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಿದವರಿಗೆ ಕೇಂದ್ರದ ರಾಹ್‌ವೀರ್ ಯೋಜನೆಯಲ್ಲಿ 25,000 ರೂಪಾಯಿ ಬಹುಮಾನವೂ ಇದೆ.

ವಾಹನಗಳನ್ನು ಪಕ್ಕಕ್ಕೆ ಸರಿಸುವ ಮೊದಲು ಫೋಟೊ ತೆಗೆಯಿರಿ. ಎರಡೂ ವಾಹನಗಳ ನಂಬರ್ ಪ್ಲೇಟ್, ಅವು ರಸ್ತೆಯ ಯಾವ ಬದಿಗಿವೆ ಎನ್ನುವುದು, ಬ್ರೇಕ್ ಹಾಕಿದ ಟೈರಿನ ಗುರುತು, ಹತ್ತಿರದ ಕಿಲೋಮೀಟರ್ ಕಲ್ಲು ಇಷ್ಟೂ ಅದರಲ್ಲಿ ಬರಲಿ. ಕಣ್ಣಾರೆ ಕಂಡವರಿಬ್ಬರ ಫೋನ್ ನಂಬರ್ ಬರೆದುಕೊಳ್ಳಿ. ಹತ್ತಿರದ ಡಾಬಾ ಅಥವಾ ಪೆಟ್ರೋಲ್ ಬಂಕಿನಲ್ಲಿ ಸಿಸಿ ಕ್ಯಾಮೆರಾ ಇದ್ದರೆ ಅದೇ ದಿನ ಪೊಲೀಸರ ಗಮನಕ್ಕೆ ತನ್ನಿ. ಆ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ.

ತುರ್ತು ಚಿಕಿತ್ಸೆಗೆ ಯಾವ ಆಸ್ಪತ್ರೆಯೂ, ಖಾಸಗಿಯದ್ದಾದರೂ, 'ಮೊದಲು ಪೊಲೀಸರು ಬರಲಿ' ಎನ್ನುವಂತಿಲ್ಲ. ಸುಪ್ರೀಂ ಕೋರ್ಟ್ ಇದನ್ನು 1989ರಲ್ಲೇ ಹೇಳಿದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ನಗದುರಹಿತ ಚಿಕಿತ್ಸೆ ಯೋಜನೆಯಲ್ಲಿ, ರಸ್ತೆ ಅಪಘಾತದ ಪ್ರತಿ ಗಾಯಾಳುವಿಗೆ ಅಪಘಾತವಾದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಸಿಗಬೇಕು. ಇದಕ್ಕೆ ಬಿಪಿಎಲ್ ಕಾರ್ಡ್ ಬೇಕಿಲ್ಲ. ದಾಖಲಾಗುವಾಗಲೇ ಆಯುಷ್ಮಾನ್ ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ. ಗೊತ್ತುಪಡಿಸದ ಆಸ್ಪತ್ರೆಯಾದರೆ ಈ ಯೋಜನೆಯಡಿ ಜೀವ ಸ್ಥಿರಗೊಳಿಸುವಷ್ಟು ಚಿಕಿತ್ಸೆ ಮಾತ್ರ.

ಎಂಎಲ್‌ಸಿಯ ಆ ಒಂದು ಸಾಲು

ಕ್ಯಾಷುವಾಲ್ಟಿಯಲ್ಲಿ ಡ್ಯೂಟಿ ವೈದ್ಯರು 'ಏನಾಯ್ತು?' ಎಂದು ಕೇಳಿ ಬರೆದುಕೊಳ್ಳುತ್ತಾರೆ. ಪೊಲೀಸು, ಕೋರ್ಟಿನ ಉಸಾಬರಿ ಯಾಕೆ ಎಂದುಕೊಂಡ ಸಂಬಂಧಿಕರು 'ಬೈಕ್ ಸ್ಕಿಡ್ ಆಗಿ ಬಿದ್ದರು' ಎಂದುಬಿಡುತ್ತಾರೆ. ಎಷ್ಟೋ ಕೇಸು ಮುಳುಗುವುದು ಇಲ್ಲೇ. ವಾರ ಕಳೆದ ಮೇಲೆ 'ಕಾರು ಗುದ್ದಿತು' ಎಂದು ದೂರು ಕೊಟ್ಟರೆ, ವಿಮಾ ಕಂಪನಿಯ ವಕೀಲರು ಮೊದಲು ತೆಗೆದಿಡುವುದು ಈ ಸಾಲನ್ನೇ.

ನಡೆದದ್ದನ್ನು ನಡೆದ ಹಾಗೇ ಹೇಳಿ: ದಿನ, ಹೊತ್ತು, ಜಾಗ, ಗುದ್ದಿದ ವಾಹನ ಯಾವುದು, ಗೊತ್ತಿದ್ದರೆ ಅದರ ನಂಬರ್, ಗಾಯಾಳು ನಡೆದು ಹೋಗುತ್ತಿದ್ದರೋ, ಬೈಕ್ ಓಡಿಸುತ್ತಿದ್ದರೋ, ಹಿಂದೆ ಕೂತಿದ್ದರೋ. ಕಣ್ಣಾರೆ ಕಾಣದ ಸಂಬಂಧಿಕರು ತಾವೇ ಊಹಿಸಿ ಹೇಳುವುದಕ್ಕಿಂತ, ಕರೆತಂದವರಿಂದ ಕೇಳಿಸುವುದು ಒಳ್ಳೆಯದು.

ನಮ್ಮ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಕಡೆ ಇನ್ನೊಂದು ತೊಡಕಿದೆ. ಮೊಳಕಾಲ್ಮುರಿನಲ್ಲಿ ಪೆಟ್ಟಾದವರು ಮೊದಲು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಚಿತ್ರದುರ್ಗ ಜಿಲ್ಲಾಸ್ಪತ್ರೆ, ಆಮೇಲೆ ದಾವಣಗೆರೆ, ತಲೆಗೆ ಪೆಟ್ಟಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಎಂದು ಮೂರು ನಾಲ್ಕು ಕಡೆ ಹೋಗುತ್ತಾರೆ. ಪ್ರತಿ ಕಡೆಯೂ ಹೊಸದಾಗಿ ಬರೆದುಕೊಳ್ಳುತ್ತಾರೆ. ಮೊದಲ ಆಸ್ಪತ್ರೆಯ ಎಂಎಲ್‌ಸಿ ನಂಬರ್ ಮತ್ತು ರೆಫರಲ್ ಚೀಟಿ ಜೊತೆಗಿದ್ದರೆ ಎಲ್ಲ ಕಡೆಯ ಬರಹವೂ ತಾಳೆಯಾಗುತ್ತದೆ. ಎಲ್ಲಾದರೂ ತಪ್ಪು ಬಿದ್ದಿದ್ದು ಕಂಡರೆ ಕೂಡಲೇ ಲಿಖಿತ ಅರ್ಜಿ ಕೊಟ್ಟು ತಿದ್ದುಪಡಿ ಕೇಳಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಕಾಗದದ ಮೇಲೆ ನೀವೇ ಏನನ್ನೂ ತಿದ್ದಬೇಡಿ.

ಸಣ್ಣ ಗಾಯವನ್ನೂ ಹೇಳಿ. ಕಾಲಿನ ಮೂಳೆಯ ನೋವಿನಲ್ಲಿ ಮುರಿದ ಹಲ್ಲು, ಕಿವಿಯ ಗುಂಯ್‌ಗುಡುವಿಕೆ, ಮಂಜಾದ ಕಣ್ಣು ಮರೆತುಹೋಗುತ್ತವೆ. ಗಾಯದ ಪ್ರಮಾಣಪತ್ರದಲ್ಲಿ ಇಲ್ಲದ ಗಾಯಕ್ಕೆ ಮುಂದೆ ಪರಿಹಾರ ಕೇಳುವುದು ಕಷ್ಟ. ಮೂಳೆ ಮುರಿತ, ಹಲ್ಲು ಹೋಗುವುದು, 15 ದಿನ ತೀವ್ರ ನೋವಿನಲ್ಲಿ ನರಳುವುದು, ಇವೆಲ್ಲ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ತೀವ್ರ ಗಾಯಗಳು.

ದೂರು ಮತ್ತು ಪೊಲೀಸ್ ಕಾಗದಗಳು

ಅಪಘಾತವಾದ ಜಾಗದ ಸರಹದ್ದಿನ ಠಾಣೆಯಲ್ಲಿ, ನಗರದೊಳಗಾದರೆ ಸಂಚಾರ ಠಾಣೆಯಲ್ಲಿ, ದೂರು ಕೊಡಿ. ಗಾಯಾಳು ಬೇರೆ ಜಿಲ್ಲೆಯ ಆಸ್ಪತ್ರೆಯಲ್ಲಿದ್ದರೆ ಅಲ್ಲಿನ ಠಾಣೆಯೂ ಝೀರೊ ಎಫ್‌ಐಆರ್ ದಾಖಲಿಸಿ ಕಳಿಸಬೇಕು. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆಯಿರಿ, ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಸಾಮಾನ್ಯವಾಗಿ ಹಾಕುವ ಕಲಂಗಳು ನ್ಯಾಯ ಸಂಹಿತೆಯ 281 (ಅಜಾಗರೂಕ ಚಾಲನೆ), 125(ಎ) (ಅದರಿಂದಾದ ಗಾಯ), 125(ಬಿ) (ಅದರಿಂದಾದ ತೀವ್ರ ಗಾಯ).

ದೂರು ತಡವಾದರೆ ಕೇಸು ಸತ್ತುಹೋಗುವುದಿಲ್ಲ, ಆದರೆ ಯಾಕೆ ತಡವಾಯಿತು ಎನ್ನುವುದು ದೂರಿನಲ್ಲೇ ಇರಬೇಕು. 'ಗಾಯಾಳು ಐಸಿಯುನಲ್ಲಿದ್ದರು, ನೋಡಿಕೊಳ್ಳಲು ನಾನೊಬ್ಬನೇ ಇದ್ದೆ, ಆದ್ದರಿಂದ ನಾಲ್ಕು ದಿನ ತಡವಾಯಿತು' ಎಂಬ ಒಂದು ವಾಕ್ಯ ಸಾಕು.

ಕಾರಿನವರು ಆಸ್ಪತ್ರೆಗೆ ಬಂದು 'ಖರ್ಚು ನಾವು ನೋಡ್ಕೋತೀವಿ, ಕಂಪ್ಲೇಂಟ್ ಬೇಡ' ಎನ್ನುವುದು, ಊರಿನ ಹಿರಿಯರು ರಾಜಿಗೆ ಕೂರಿಸುವುದು ಮಾಮೂಲು. ಮೊದಲ ವಾರದಲ್ಲಿ ಯಾರಿಗೂ ಗಾಯದ ನಿಜವಾದ ಆಳ ಗೊತ್ತಿರುವುದಿಲ್ಲ. ಇಪ್ಪತ್ತು ಸಾವಿರಕ್ಕೆ ರಾಜಿಯಾದ ಕಾಲಿಗೆ ಆರು ತಿಂಗಳ ಮೇಲೆ ಎರಡನೇ ಆಪರೇಷನ್ ಬರಬಹುದು. ಅವರು ಖರ್ಚಿಗೆ ಕೊಟ್ಟರೆ ತೆಗೆದುಕೊಳ್ಳಿ, ಎಷ್ಟು ಎಂದು ಬರೆದಿಡಿ, ದೂರನ್ನು ಮಾತ್ರ ಬಿಡಬೇಡಿ. ಹಾಗೆಯೇ 'ಓಡಿಸಿದವನಿಗೆ ಲೈಸೆನ್ಸ್ ಇಲ್ಲ, ಬೇರೆಯವನನ್ನು ತೋರಿಸೋಣ', 'ಇನ್ಶೂರೆನ್ಸ್ ಇರುವ ಇನ್ನೊಂದು ಗಾಡಿ ಹೇಳೋಣ' ಎಂಬ ಸಲಹೆಗಳಿಗೆ ಒಪ್ಪಬೇಡಿ. ಅದು ಅಪರಾಧ. ಸಿಕ್ಕಿಬಿದ್ದರೆ ನಿಜವಾದ ಗಾಯಕ್ಕೂ ಪೈಸೆ ಸಿಗುವುದಿಲ್ಲ.

ಪೊಲೀಸರಿಂದ ಪಡೆಯಬೇಕಾದವು: ದೂರಿನ ಪ್ರತಿ, ಎಫ್‌ಐಆರ್, ಸ್ಥಳ ಮಹಜರು, ಸ್ಥಳದ ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ಕೊನೆಗೆ ದೋಷಾರೋಪ ಪಟ್ಟಿ. ನಕ್ಷೆಯನ್ನು ಬೇಗ ನೋಡಿ. ನೀವು ಎಡಬದಿಯಲ್ಲಿದ್ದರೂ ನಕ್ಷೆಯಲ್ಲಿ ಡಿಕ್ಕಿಯ ಜಾಗ ರಸ್ತೆಯ ನಡುವೆ ಬಿದ್ದಿದ್ದರೆ, ಪರಿಹಾರ ತೀರ್ಮಾನಿಸುವ ಮೋಟಾರು ಅಪಘಾತ ನ್ಯಾಯಮಂಡಳಿ ನಿಮ್ಮದೂ ತಪ್ಪಿದೆ ಎಂದು ಪರಿಹಾರದಲ್ಲಿ ಒಂದು ಪಾಲು ಕಡಿಯಬಹುದು.

2022ರಿಂದ ಪೊಲೀಸರಿಗೂ ಗಡುವುಗಳಿವೆ. 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 10 ದಿನದೊಳಗೆ ಸಂತ್ರಸ್ತರ ಹಕ್ಕುಗಳನ್ನು ತಿಳಿಸುವ ನಮೂನೆ 2, 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ವಿವರವಾದ ವರದಿ ನ್ಯಾಯಮಂಡಳಿಗೆ. ನಿಮ್ಮ ಆದಾಯ, ಖರ್ಚು, ಅವಲಂಬಿತರ ವಿವರದ ನಮೂನೆ 6ನ್ನು ನೀವು 60 ದಿನದೊಳಗೆ ತುಂಬಿಕೊಡಬೇಕು. ಯಾರೂ ಕೊಡದಿದ್ದರೆ ತನಿಖಾಧಿಕಾರಿಯನ್ನು ನೀವೇ ಕೇಳಿ.

ಯಾವ ಬಾಗಿಲು ತಟ್ಟಬೇಕು

ಗುದ್ದಿದ ವಾಹನ ಗೊತ್ತಿದೆ, ತಪ್ಪು ಅದರ ಚಾಲಕನದು ಎಂದರೆ ಮೋಟಾರು ವಾಹನ ಕಾಯ್ದೆಯ ಕಲಂ 166ರ ಅರ್ಜಿ. ಪರಿಹಾರಕ್ಕೆ ಗರಿಷ್ಠ ಮಿತಿ ಇಲ್ಲದ್ದು ಇದೇ. ಕಲಂ 164ರಲ್ಲಿ ಯಾರ ತಪ್ಪೆಂದು ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ಸಿಗುತ್ತದೆ. ಆದರೆ ವಿಮಾ ಕಂಪನಿ ಮುಂದಿಡುವ ಆ ಹಣ ಒಪ್ಪಿಕೊಂಡರೆ 166ರ ಅರ್ಜಿ ಅಲ್ಲಿಗೇ ಮುಗಿಯಿತು. ಶಾಶ್ವತ ಊನ ಉಳಿಯುವಂಥ ಗಾಯವಾಗಿದ್ದರೆ ಅವಸರಪಡಬೇಡಿ.

ಗುದ್ದಿ ಓಡಿಹೋದ ವಾಹನ ಸಿಗಲೇ ಇಲ್ಲವೆಂದರೆ ಕಲಂ 161. ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಗೆ, ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಮುಂದೆ ವಾಹನ ಪತ್ತೆಯಾದರೆ 166ಕ್ಕೆ ಹೋಗಬಹುದು, ಆಗ ಈ ಹಣ ಅದರಲ್ಲಿ ಮುರಿದುಕೊಳ್ಳುತ್ತದೆ.

ಯಾರ ತಪ್ಪೂ ಇಲ್ಲದೆ ತಾವೇ ಓಡಿಸುತ್ತಾ ಮರಕ್ಕೆ ಗುದ್ದಿದವರಿಗೆ ಥರ್ಡ್ ಪಾರ್ಟಿ ವಿಮೆ ಬರುವುದಿಲ್ಲ. ಮಾಲೀಕರೇ ಚಾಲಕರಾಗಿದ್ದರೆ ಪಾಲಿಸಿಯಲ್ಲಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದೆ. ಅದು ಸಾವು ಮತ್ತು ಶಾಶ್ವತ ಊನಕ್ಕೆ ಮಾತ್ರ, ಕೂಡಿಕೊಂಡ ಮೂಳೆಗೆ ಅಲ್ಲ.

ಹಿಂದೆ ಕೂತವರು, ಕಾರಿನಲ್ಲಿ ಜೊತೆಗಿದ್ದವರು ತಾವು ಕೂತ ವಾಹನದ ಪಾಲಿಸಿಯನ್ನು ನೋಡಲೇಬೇಕು. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಅವರಿಗೆ ರಕ್ಷಣೆ ಇರುವುದಿಲ್ಲ, ಸ್ವಂತ ವಾಹನಕ್ಕೂ ರಕ್ಷಣೆ ಕೊಡುವ ಪ್ಯಾಕೇಜ್ ಪಾಲಿಸಿಯಲ್ಲಿ ಇರುತ್ತದೆ. ಎದುರಿನ ವಾಹನದ್ದೂ ತಪ್ಪಿದ್ದರೆ ಅದರ ವಿಮಾ ಕಂಪನಿಯೊಂದರಿಂದಲೇ ಪೂರ್ತಿ ಪರಿಹಾರ ಕೇಳುವ ಹಕ್ಕಿದೆ.

ಕೂಲಿಗೆ ಹೋಗುವವರು ಟ್ರ್ಯಾಕ್ಟರ್ ಟ್ರೈಲರ್‌ನಲ್ಲಿ, ಸರಕಿನ ಟೆಂಪೊದಲ್ಲಿ ಕೂತು ಹೋಗುವುದು ನಮ್ಮ ಎರಡೂ ಜಿಲ್ಲೆಗಳಲ್ಲಿ ದಿನನಿತ್ಯ ಕಾಣುವಂಥದ್ದು. ಸರಕಿನ ವಾಹನದಲ್ಲಿ ಸುಮ್ಮನೆ ಹತ್ತಿಕೊಂಡವರಿಗೆ ಆ ವಾಹನದ ವಿಮಾ ಕಂಪನಿ ಹೊಣೆಯಲ್ಲ ಎನ್ನುವುದು ಸುಪ್ರೀಂ ಕೋರ್ಟಿನ ನಿಲುವು. ಮಾಲೀಕನ ಮೇಲೆ ಆದೇಶ ಬಂದರೂ ಅವನಿಂದ ವಸೂಲಿ ಮಾಡುವುದು ಸುಲಭವಲ್ಲ. ಜೊತೆಯಲ್ಲಿ ಸ್ವಂತ ಸರಕು ಸಾಗಿಸುತ್ತಿದ್ದವರ ಸ್ಥಿತಿ ಬೇರೆ, ಅವರಿಗೆ ರಕ್ಷಣೆ ಇದೆ. ಮಾರುಕಟ್ಟೆಗೆ ಒಯ್ಯುತ್ತಿದ್ದ ಮೆಕ್ಕೆಜೋಳದ ಚೀಲದ ರಸೀದಿ ಹೀಗೆ ದೊಡ್ಡ ದಾಖಲೆಯಾಗುತ್ತದೆ.

ಕೆಲಸದ ಮೇಲಿದ್ದ ಡ್ರೈವರ್, ಕ್ಲೀನರ್‌ಗಳಿಗೆ ನೌಕರರ ಪರಿಹಾರ ಕಾಯ್ದೆಯ ದಾರಿಯೂ ಇದೆ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು.

ಊನದ ಲೆಕ್ಕ: ಹಣದ ಬಹುಪಾಲು ಇಲ್ಲಿದೆ

ಪರಿಹಾರ ಹಲವು ತಲೆಬರಹಗಳಡಿ ಬರುತ್ತದೆ: ನೋವು ನರಳಾಟ, ಚಿಕಿತ್ಸೆ ಮತ್ತು ಔಷಧಿ, ಓಡಾಟ, ಪೌಷ್ಟಿಕ ಆಹಾರ, ನೋಡಿಕೊಂಡವರ ಖರ್ಚು, ಮಲಗಿದ್ದ ತಿಂಗಳುಗಳ ದುಡಿಮೆ, ಮುಂದಿನ ಚಿಕಿತ್ಸೆ, ಬದುಕಿನ ಸುಖ ಕಳೆದುಕೊಂಡದ್ದು, ಮುಂದಿನ ದುಡಿಮೆಯ ನಷ್ಟ. ಈ ಕೊನೆಯದ್ದೇ ದೊಡ್ಡದು. ಜನ ಕಳೆದುಕೊಳ್ಳುವುದೂ ಇದರಲ್ಲೇ.

ವೈದ್ಯರು ಹೇಳುವ ಶೇಕಡಾವಾರು ಒಂದು ಅಂಗದ್ದಾಗಿರುತ್ತದೆ. ನಮ್ಮ ನ್ಯಾಯಮಂಡಳಿಗಳಲ್ಲಿ ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹದ ಊನ ಎಂದು ಹಿಡಿಯುತ್ತಾರೆ. ಆದರೆ ಸುಪ್ರೀಂ ಕೋರ್ಟ್ 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಹೇಳಿದ್ದು ಬೇರೆ: ದೇಹದ ಊನ ಎಷ್ಟು ಎಂಬುದರ ಜೊತೆಗೆ, ಆ ಊನದಿಂದ ಈ ಮನುಷ್ಯ ಮಾಡುತ್ತಿದ್ದ ಕೆಲಸಕ್ಕೆ ಎಷ್ಟು ಪೆಟ್ಟು ಬಿತ್ತು ಎಂದು ನೋಡಬೇಕು.

ದಾವಣಗೆರೆ ಎಪಿಎಂಸಿಯಲ್ಲಿ ಚೀಲ ಹೊರುವ 32 ವರ್ಷದ ಹಮಾಲಿಯೊಬ್ಬರ ಲೆಕ್ಕ ಹಾಕೋಣ. ಭುಜದ ಊನ ಶೇ. 42, ಇಡೀ ದೇಹಕ್ಕೆ ಶೇ. 14. ತಿಂಗಳ ದುಡಿಮೆ 15,000 ಎಂದಿಟ್ಟುಕೊಳ್ಳಿ. ವರ್ಷದ ದುಡಿಮೆಯನ್ನು ವಯಸ್ಸಿಗೆ ತಕ್ಕಂತೆ ಗುಣಿಸುವ ಸಂಖ್ಯೆಯೇ ಗುಣಕ, 31ರಿಂದ 35 ವಯಸ್ಸಿಗೆ ಅದು 16. ಆಗ 15,000 × 12 × 16 × ಶೇ. 14 = 4,03,200 ರೂಪಾಯಿ. ತಲೆಯ ಮೇಲೆ ಕೈ ಎತ್ತಲಾಗದವರು ಚೀಲ ಹೊರಲಾರರು ಎಂದು ಮನವರಿಕೆ ಮಾಡಿಕೊಟ್ಟು, ದುಡಿಮೆಯ ಊನವನ್ನು ಶೇ. 25 ಎಂದು ಒಪ್ಪಿಸಿದರೆ ಅದೇ ಲೆಕ್ಕ 7,20,000 ಆಗುತ್ತದೆ. ಅದೇ ಭುಜ ಬ್ಯಾಂಕ್ ಗುಮಾಸ್ತರದ್ದಾಗಿದ್ದರೆ ಈ ಏರಿಕೆ ಸಿಗಲಿಕ್ಕಿಲ್ಲ. ಆದ್ದರಿಂದ ಸಾಕ್ಷಿ ಹೇಳುವ ವೈದ್ಯರು ಮೂಳೆಯ ಕೋನಗಳ ಜೊತೆಗೆ, ಭಾರ ಎತ್ತಲು, ಕುಕ್ಕರುಗಾಲಲ್ಲಿ ಕೂರಲು, ಕ್ಲಚ್ ಒತ್ತಲು ಆಗುತ್ತದೋ ಇಲ್ಲವೋ ಎನ್ನುವುದನ್ನೂ ಹೇಳಬೇಕು. ಊನ ತೀವ್ರವಾಗಿದ್ದರೆ ಭವಿಷ್ಯದ ಆದಾಯ ಏರಿಕೆಯನ್ನೂ ಕೇಳಿ: ಸ್ವಂತ ದುಡಿಮೆಯವರಿಗೆ 40 ವರ್ಷದೊಳಗೆ ಶೇ. 40, 40ರಿಂದ 50ರವರೆಗೆ ಶೇ. 25.

ಗುಣಕ ವಯಸ್ಸಿನ ಜೊತೆ ಇಳಿಯುತ್ತದೆ: 25ರವರೆಗೆ 18, 36ರಿಂದ 40ಕ್ಕೆ 15, 46ರಿಂದ 50ಕ್ಕೆ 13, 56ರಿಂದ 60ಕ್ಕೆ 9. ಒಂದು ವರ್ಷದ ವ್ಯತ್ಯಾಸ ಗುಣಕವನ್ನು ಬದಲಿಸಬಹುದು, ಆದ್ದರಿಂದ ಆಧಾರ್, ಶಾಲಾ ದಾಖಲೆ, ಆಸ್ಪತ್ರೆ ಚೀಟಿಗಳಲ್ಲಿ ವಯಸ್ಸು ಒಂದೇ ಇದೆಯೇ ಎಂದು ಈಗಲೇ ನೋಡಿಕೊಳ್ಳಿ.

ಆದಾಯಕ್ಕೆ ಸಾಕ್ಷಿ ಇಲ್ಲದಿದ್ದರೆ, ಅಪಘಾತವಾದ ವರ್ಷಕ್ಕೆ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಪಟ್ಟಿಯಲ್ಲಿರುವ ಕಾಲ್ಪನಿಕ ಆದಾಯವನ್ನು ಹಿಡಿಯುತ್ತಾರೆ. ಅದಕ್ಕಿಂತ ಹೆಚ್ಚು ದುಡಿಯುತ್ತಿದ್ದರೆ ತೋರಿಸಬೇಕು: ಹಮಾಲಿ ಲೈಸೆನ್ಸ್, ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇ ಲೆಕ್ಕ, ಜಿಎಸ್‌ಟಿ ರಿಟರ್ನ್. ರೈತರು ಪಹಣಿಯೊಂದನ್ನೇ ಇಟ್ಟರೆ 'ಜಮೀನು ಹಾಗೇ ಇದೆಯಲ್ಲ' ಎಂಬ ಪ್ರಶ್ನೆ ಬರುತ್ತದೆ. ಅಪಘಾತದ ಮೊದಲು ತಾವೇ ಮಾಡುತ್ತಿದ್ದ ಕೆಲಸಕ್ಕೆ ಈಗ ಆಳು ಇಟ್ಟಿದ್ದು, ಅಡಿಕೆ ಕೊಯ್ಲನ್ನು ಗುತ್ತಿಗೆಗೆ ಕೊಟ್ಟಿದ್ದು, ಅದಕ್ಕಾದ ಖರ್ಚು, ಇವೆಲ್ಲ ದಾಖಲೆಯಲ್ಲಿರಬೇಕು. ಗೃಹಿಣಿಯರ ಕೆಲಸಕ್ಕೂ ಕಾನೂನು ಬೆಲೆ ಕಟ್ಟುತ್ತದೆ. 'ಮನೆಯಲ್ಲೇ ಇರ್ತಾರೆ' ಎಂದು ಬರೆಸಿ ಆ ಹಕ್ಕು ಬಿಟ್ಟುಕೊಡಬೇಡಿ.

ಬಿಲ್ಲುಗಳ ಬಗ್ಗೆ ಒಂದು ಮಾತು. ಥರ್ಮಲ್ ಕಾಗದದ ಬಿಲ್ಲು ಒಂದೆರಡು ವರ್ಷದಲ್ಲಿ ಬಿಳಿಯಾಗುತ್ತದೆ, ಬಂದ ದಿನವೇ ಜೆರಾಕ್ಸ್ ಮಾಡಿಸಿ. ಔಷಧಿ ಬಿಲ್ಲಿಗೆ ವೈದ್ಯರ ಚೀಟಿ ಜೋಡಿಸಿಡಿ. ಕಾಲಿನಲ್ಲಿ ರಾಡ್, ಪ್ಲೇಟ್ ಇದ್ದರೆ ಅದನ್ನು ತೆಗೆಯುವ ಆಪರೇಷನ್ನಿಗೆ ಎಷ್ಟಾಗುತ್ತದೆ ಎಂದು ಅಂದಾಜು ಪತ್ರ ಪಡೆಯಿರಿ. ಹಳೆಯ ಎಕ್ಸ್‌ರೇಗಳನ್ನು ಎಸೆಯಬೇಡಿ: ಊನ ಅಳೆಯುವ ದಿನ ಹಳೆಯದೂ ಹೊಸದೂ ಎರಡೂ ಬೇಕು.

ಗಾಯಾಳು ಮನೆಗೆ ಬಂದ ಮೇಲೆ ತೀರಿಕೊಂಡರೆ ಎಷ್ಟೇ ಸಂಕಟವಾದರೂ ಪೊಲೀಸರಿಗೆ ತಿಳಿಸಿ ಮರಣೋತ್ತರ ಪರೀಕ್ಷೆ ಮಾಡಿಸಬೇಕು. ಅದಿಲ್ಲದೆ ಸಾವಿಗೂ ಅಪಘಾತಕ್ಕೂ ಇರುವ ನಂಟನ್ನು ತೋರಿಸುವುದು ತುಂಬಾ ಕಷ್ಟ.

ಅರ್ಜಿ, ಸಾಕ್ಷ್ಯ

ಅಪಘಾತವಾದ ಜಾಗ, ನೀವು ವಾಸಿಸುವ ಜಾಗ, ಎದುರುದಾರರಿರುವ ಜಾಗ, ಮೂರರಲ್ಲಿ ಯಾವ ನ್ಯಾಯಮಂಡಳಿಯಲ್ಲಾದರೂ ಅರ್ಜಿ ಹಾಕಬಹುದು. ತುಮಕೂರಿನ ಬಳಿ ಪೆಟ್ಟಾದ ಹೊನ್ನಾಳಿಯವರು ಅಲ್ಲಿಗೇ ಅಲೆಯಬೇಕಿಲ್ಲ.

2022ರ ಏಪ್ರಿಲ್ 1ರಿಂದ ಅರ್ಜಿಗೆ ಆರು ತಿಂಗಳ ಗಡುವಿದೆ. ಅದರ ಸಿಂಧುತ್ವ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಯಾಗಿದ್ದು, ತಡವಾಯಿತೆಂಬ ಕಾರಣಕ್ಕೆ ಅರ್ಜಿ ವಜಾ ಮಾಡಬಾರದೆಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಬಂದಿದೆ. ಹಾಗೆಂದು ಕಾಯಬೇಡಿ, ಆರು ತಿಂಗಳೊಳಗೆ ಹಾಕಿ. ಚಿಕಿತ್ಸೆ ಮುಗಿದಿರಬೇಕೆಂದಿಲ್ಲ, ಬಿಲ್ಲುಗಳನ್ನು ಆಮೇಲೂ ಸೇರಿಸಬಹುದು.

ಎದುರುದಾರರು ವಾಹನದ ಮಾಲೀಕ ಮತ್ತು ವಿಮಾ ಕಂಪನಿ. ನಂಬರ್ ಗೊತ್ತಿದ್ದರೆ ಎಂಪರಿವಾಹನ್ ಆ್ಯಪ್‌ನಲ್ಲಿ ವಿಮೆಯ ವಿವರ ನೋಡಬಹುದು. ಅಪಘಾತದ ದಿನ ಪಾಲಿಸಿ ಚಾಲ್ತಿಯಲ್ಲಿತ್ತೇ ಎನ್ನುವುದೇ ಮುಖ್ಯ. ಸಾರಿಗೆ ನಿಗಮದ ಬಸ್ಸಾದರೆ ನಿಗಮವನ್ನೇ ಎದುರುದಾರರನ್ನಾಗಿ ಮಾಡಬೇಕು. ಚಾಲಕನಿಗೆ ಲೈಸೆನ್ಸ್ ಇಲ್ಲ ಎಂದು ಕಂಪನಿ ತಕರಾರು ತೆಗೆದರೂ ಗಾಬರಿಯಾಗಬೇಡಿ. 'ಮೊದಲು ಕೊಡು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೋ' ಎಂದು ಕಂಪನಿಗೆ ಆದೇಶಿಸುವ ದಾರಿ ಇದೆ.

ಅಫಿಡವಿಟ್ ಸಹಿ ಮಾಡುವ ಮೊದಲು ಪೂರ್ತಿ ಓದಿಸಿ ಕೇಳಿ. ಪಾಟಿ ಸವಾಲಿನಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ: ಹೆಲ್ಮೆಟ್ ಇತ್ತೇ, ಲೈಸೆನ್ಸ್ ಇತ್ತೇ, ಎಷ್ಟು ಜನ ಕೂತಿದ್ದಿರಿ, ಈಗ ಕೆಲಸಕ್ಕೆ ಹೋಗುತ್ತಿಲ್ಲವೇ. ನಿಮಗೆ ಲೈಸೆನ್ಸ್ ಇರಲಿಲ್ಲ ಎಂಬ ಒಂದೇ ಕಾರಣಕ್ಕೆ ಅಪಘಾತ ನಿಮ್ಮ ತಪ್ಪಾಗುವುದಿಲ್ಲ, ಆದ್ದರಿಂದ ನಿಜವನ್ನೇ ಹೇಳಿ. ಊನದ ಸಾಕ್ಷಿಗೆ ಚಿಕಿತ್ಸೆ ಕೊಟ್ಟ ವೈದ್ಯರೇ ಬಂದರೆ ತೂಕ ಹೆಚ್ಚು. ಚಿಕಿತ್ಸೆಯನ್ನೇ ಕಾಣದ ವೈದ್ಯರು ಒಂದು ದಿನ ನೋಡಿ ಬರೆದ ಶೇಕಡಾವಾರನ್ನು ನ್ಯಾಯಮಂಡಳಿ ಇಳಿಸಿಬಿಡುತ್ತದೆ.

ವಕೀಲರು, ರಾಜಿ, ಹಣ

ಆಸ್ಪತ್ರೆಯ ವಾರ್ಡಿಗೇ ಬಂದು 'ಕೇಸ್ ನಾವು ನೋಡ್ಕೋತೀವಿ' ಎನ್ನುವ ಮಧ್ಯವರ್ತಿಗಳಿಗೆ ಮೂಲ ಕಾಗದ ಕೊಡಬೇಡಿ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ಗೆದ್ದ ಹಣದಲ್ಲಿ ಇಷ್ಟು ಪಾಲು ಎಂದು ವಕೀಲರು ಫೀಸು ಗೊತ್ತುಮಾಡುವುದು ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100.

ಲೋಕ ಅದಾಲತ್‌ನಲ್ಲಿ ಬೇಗ ಇತ್ಯರ್ಥವಾಗುತ್ತದೆ, ಹಣವೂ ಬೇಗ ಬರುತ್ತದೆ. ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಊನ ಅಳೆಸುವ ಮೊದಲು, ಒಳಗಿನ ರಾಡ್ ತೆಗೆಸುವ ಖರ್ಚು ಲೆಕ್ಕಕ್ಕೆ ಬರುವ ಮೊದಲು ಅಂಕಿ ಒಪ್ಪಬೇಡಿ. ಮೇಲಿನ ಗುಣಾಕಾರವನ್ನು ನೀವೇ ಒಂದು ಹಾಳೆಯಲ್ಲಿ ಮಾಡಿಕೊಂಡು ಹೋಗಿ, ಅವರು ಹೇಳುವ ಮೊತ್ತ ಅದರ ಹತ್ತಿರವಿದೆಯೇ ನೋಡಿ.

ಆದೇಶವಾದ 30 ದಿನದೊಳಗೆ ಹಣವನ್ನು ಬಡ್ಡಿಸಮೇತ ಜಮಾ ಮಾಡಬೇಕು. ಮಾಡದಿದ್ದರೆ ವಸೂಲಿ ಅರ್ಜಿ ಹಾಕಿ. ಕಲಂ 174ರಡಿ ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳಿಸಿ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಬಹುದು. ಹಣ ನಿಮ್ಮದೇ ಖಾತೆಗೆ ಬರಲಿ. ದೊಡ್ಡ ಮೊತ್ತವಾದರೆ ಒಂದು ಭಾಗವನ್ನು ನಿಶ್ಚಿತ ಠೇವಣಿಯಲ್ಲಿಡಲು ಆದೇಶವಾಗಬಹುದು. ಚಿಕಿತ್ಸೆಗೆ ತುರ್ತು ಬೇಕಾದರೆ ಅವಧಿಗೆ ಮೊದಲೇ ಬಿಡಿಸಿಕೊಡಿ ಎಂದು ಅದೇ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು.

ಪರಿಹಾರ ಕಡಿಮೆಯಾಯಿತು ಎನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ. ನಮ್ಮೆರಡೂ ಜಿಲ್ಲೆಗಳು ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರುತ್ತವೆ, ಧಾರವಾಡಕ್ಕಲ್ಲ. ತಕರಾರಿನ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿಗೆ ಅವಕಾಶವಿಲ್ಲ. ಹಾಗಾಗಿ ಆದೇಶದ ದೃಢೀಕೃತ ಪ್ರತಿಗೆ ತೀರ್ಪು ಬಂದ ದಿನವೇ ಅರ್ಜಿ ಕೊಟ್ಟು, ಪ್ರತಿ ತಲೆಬರಹದಡಿ ಎಷ್ಟು ಕೇಳಿದ್ದಿರಿ, ಎಷ್ಟು ಕೊಟ್ಟರು ಎಂದು ಪಕ್ಕಪಕ್ಕ ಬರೆದು ನೋಡಿ. ಜಮಾ ಆದ ಹಣವನ್ನು ಪಡೆದುಕೊಂಡರೂ ಹೆಚ್ಚಿನ ಪರಿಹಾರ ಕೇಳುವ ನಿಮ್ಮ ಮೇಲ್ಮನವಿಗೆ ಅಡ್ಡಿಯಿಲ್ಲ.